ಬ್ಲಾಕ್‌ಚೈನ್ ಪ್ರಾಜೆಕ್ಟ್ ಶುರು ಮಾಡುವ ಮುಂಚೆ: ಸಮಸ್ಯೆಯಿಂದ ಹೊರಡುವುದು ಹೇಗೆ

ಪರಿಚಯದ ಹುಡುಗನೊಬ್ಬ ಹೋದ ತಿಂಗಳು ಫೋನ್ ಮಾಡಿದ್ದ. ಎಂಜಿನಿಯರಿಂಗ್ ಕೊನೆ ವರ್ಷ. "ಅಣ್ಣಾ, ಸಾಲಿಡಿಟಿ ಕಲಿತಾಯ್ತು, ಇದನ್ನ ಎಲ್ಲಿ ಹಾಕಬಹುದು ಅಂತ ಒಂದು ಐಡಿಯಾ ಕೊಡಿ" ಅಂದ. (ಬ್ಲಾಕ್‌ಚೈನ್ ಅಂದರೆ ಹಲವು ಕಂಪ್ಯೂಟರ್‌ಗಳಲ್ಲಿ ಒಂದೇ ಪ್ರತಿ ಇರುವ, ಬರೆದದ್ದನ್ನು ಗುಟ್ಟಾಗಿ ತಿದ್ದಲು ಆಗದ ಲೆಕ್ಕದ ಪುಸ್ತಕ; ಅದರ ಮೇಲೆ ಓಡುವ ಪ್ರೋಗ್ರಾಂ ಬರೆಯುವ ಭಾಷೆ ಸಾಲಿಡಿಟಿ.) ಈ ಪ್ರಶ್ನೆಯನ್ನು ಕೋರಮಂಗಲ, ಎಚ್‌ಎಸ್‌ಆರ್ ಲೇಔಟ್ ಕಡೆಯ ಹ್ಯಾಕಥಾನ್‌ಗಳಲ್ಲಿ ವರ್ಷಗಟ್ಟಲೆ ಕೇಳಿದ್ದೇನೆ. ನಾನು ಶುರು ಮಾಡಿದ್ದೂ ಇದೇ ಪ್ರಶ್ನೆಯಿಂದ. ಅವನಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಬ್ಲಾಕ್‌ಚೈನ್ ಡೆವಲಪರ್‌ಗಳು ನಿಜವಾದ ಸಮಸ್ಯೆಯಿಂದ ಶುರು ಮಾಡುತ್ತಾರಾ, ತಂತ್ರಜ್ಞಾನದಿಂದಲಾ? ನಾನು ಕಂಡಂತೆ ಬಹುಪಾಲು ತಂತ್ರಜ್ಞಾನದಿಂದ. ಕಲಿಯುವುದಕ್ಕಾದರೆ ಅದರಲ್ಲಿ ತಪ್ಪೇನೂ ಇಲ್ಲ. ಟೆಸ್ಟ್‌ನೆಟ್ (ನಿಜವಾದ ದುಡ್ಡಿಲ್ಲದ ಅಭ್ಯಾಸದ ಚೈನ್) ಮೇಲೆ ಒಂದು ಟೋಕನ್ (ಡಿಜಿಟಲ್ ನಾಣ್ಯದಂಥದ್ದು) ಮಾಡಿ, ಒಂದು ಮತದಾನದ ಕಾಂಟ್ರ್ಯಾಕ್ಟ್ (ಚೈನ್ ಮೇಲೆ ತಾನಾಗಿ ನಡೆಯುವ ಪ್ರೋಗ್ರಾಂ) ಬರೆಯಿರಿ, ನಿಮ್ಮ ಕೋಡನ್ನು ನೀವೇ ಒಡೆದು ನೋಡಿ. ಕೈ ಪಳಗುತ್ತದೆ. ಆದರೆ ಯಾರದೋ ದುಡ್ಡು, ಯಾರದೋ ಸೈಟು, ಯಾರದೋ ಮಾರ್ಕ್ಸ್ ಕಾರ್ಡ್ ಅದರೊಳಗೆ ಹೋಗುತ್ತದೆ ಅಂದಾಗ ದಾರಿ ಉಲ್ಟಾ ಆಗಬೇಕು.

ಮೊದಲು ಆ ಪದ ಬಿಟ್ಟು ಬರೆಯಿರಿ

ಒಂದು ಹಾಳೆ ತಗೊಳ್ಳಿ. ಬ್ಲಾಕ್‌ಚೈನ್, ಟೋಕನ್, ಡಿಸೆಂಟ್ರಲೈಸ್ಡ್, ಸ್ಮಾರ್ಟ್ ಕಾಂಟ್ರ್ಯಾಕ್ಟ್ ಅನ್ನುವ ಪದಗಳನ್ನು ಬಳಸದೆ ನಿಮ್ಮ ಸಮಸ್ಯೆಯನ್ನು ಎರಡು ಸಾಲಿನಲ್ಲಿ ಬರೆಯಿರಿ. ಯಾರಿಗೆ ಏನು ನಷ್ಟ ಆಗುತ್ತಿದೆ, ಯಾವಾಗ, ಎಷ್ಟು. ಪಕ್ಕದ ಮನೆಯವರಿಗೆ ಓದಿ ಹೇಳಿದರೆ "ಹೌದು, ನಮಗೂ ಹಂಗೇ ಆಗಿತ್ತು" ಅನ್ನಬೇಕು. ಆ ಪದಗಳನ್ನು ತೆಗೆದ ಮೇಲೆ ಹಾಳೆಯಲ್ಲಿ ಏನೂ ಉಳಿಯದಿದ್ದರೆ ನಿಮ್ಮ ಕೈಯಲ್ಲಿ ಇನ್ನೂ ಸಮಸ್ಯೆ ಇಲ್ಲ ಅಂತ ಅರ್ಥ.

ಇದಕ್ಕೆ ಒಳ್ಳೆಯ ಉದಾಹರಣೆ ಬಿಟ್‌ಕಾಯಿನ್ ಪೇಪರೇ. 2008ರ ಅಕ್ಟೋಬರ್ 31ರಂದು ಸತೋಶಿ ನಕಾಮೊಟೊ ಎಂಬ ಹೆಸರಿನಲ್ಲಿ ಬಂದ ಆ 9 ಪುಟಗಳಲ್ಲಿ 'ಬ್ಲಾಕ್‌ಚೈನ್' ಅನ್ನುವ ಪದವೇ ಇಲ್ಲ. ಇರುವುದು ಒಂದು ಸಮಸ್ಯೆ: ನಡುವೆ ಬ್ಯಾಂಕ್ ಇಲ್ಲದೆ ಒಬ್ಬರಿಂದ ಒಬ್ಬರಿಗೆ ಇಂಟರ್‌ನೆಟ್‌ನಲ್ಲಿ ದುಡ್ಡು ಹೋಗಬೇಕು, ಅದೇ ದುಡ್ಡನ್ನು ಇಬ್ಬರಿಗೆ ಕೊಟ್ಟು ಮೋಸ ಮಾಡಲು ಆಗಬಾರದು. ಅದಕ್ಕೆ ಬೇಕಾದ ಸಾಮಾನು ಹೆಚ್ಚು ಕಡಿಮೆ ಮೊದಲೇ ಇತ್ತು. ದಾಖಲೆಗಳನ್ನು ಹ್ಯಾಶ್‌ನಿಂದ (ದಾಖಲೆಯ ಬೆರಳಚ್ಚಿನಂಥ ಸಂಖ್ಯೆ, ಒಂದಕ್ಷರ ಬದಲಾದರೂ ಅದು ಬದಲಾಗುತ್ತದೆ) ಒಂದಕ್ಕೊಂದು ಪೋಣಿಸಿ ತಾರೀಖು ತಿದ್ದದಂತೆ ಮಾಡುವ ವಿಧಾನವನ್ನು ಹೇಬರ್ ಮತ್ತು ಸ್ಟೊರ್ನೆಟ್ಟಾ ಎಂಬ ಇಬ್ಬರು ಸಂಶೋಧಕರು 1991ರಲ್ಲೇ ಬರೆದಿದ್ದರು. ಕಂಪ್ಯೂಟರ್‌ನಿಂದ ಸ್ವಲ್ಪ ಲೆಕ್ಕ ಮಾಡಿಸಿ ಸ್ಪ್ಯಾಮ್ ಇಮೇಲ್ ತಡೆಯುವ ಹ್ಯಾಶ್‌ಕ್ಯಾಶ್ 1997ರದ್ದು. ಸಮಸ್ಯೆಗೆ ಯಾವುದು ಬೇಕೋ ಅದನ್ನು ಎತ್ತಿ ಜೋಡಿಸಿದ್ದು ಸತೋಶಿಯ ಕೆಲಸ.

ಬಿಟ್‌ಕಾಯಿನ್‌ನಲ್ಲಿ ಹತ್ತು ನಿಮಿಷಕ್ಕೊಂದು ಬ್ಲಾಕ್ (ವಹಿವಾಟುಗಳ ಒಂದು ಕಟ್ಟು), ಅಷ್ಟೊಂದು ಕರೆಂಟ್, ಸೆಕೆಂಡಿಗೆ 7ರ ಆಸುಪಾಸಿನ ವಹಿವಾಟು, ಇದೆಲ್ಲ ಯಾರನ್ನೂ ನಂಬದೆ ಕೆಲಸ ನಡೆಯಲಿ ಅಂತ ಕೊಟ್ಟ ಬೆಲೆ. ನಿಮ್ಮ ಸಮಸ್ಯೆಯಲ್ಲಿ ಎಲ್ಲರೂ ನಂಬುವ ಒಬ್ಬರು ಆಗಲೇ ಇದ್ದರೆ ಆ ಬೆಲೆ ಯಾಕೆ ಕೊಡಬೇಕು? ದರ್ಶಿನಿಯಲ್ಲಿ ಕ್ರಿಪ್ಟೋ ಕೊಟ್ಟು ಇಡ್ಲಿ ತಿನ್ನುವ ಆ್ಯಪ್ ಮಾಡುತ್ತೇನೆ ಅಂತ ಬಂದವರಿಗೆ ನಾನು ಹೇಳುವುದು ಇಷ್ಟೇ: 2016ರಲ್ಲಿ ಶುರುವಾದ ಯುಪಿಐ 2023ರ ಆಗಸ್ಟ್‌ನಲ್ಲಿ ಒಂದೇ ತಿಂಗಳಿಗೆ 1,000 ಕೋಟಿ ವಹಿವಾಟು ದಾಟಿತು. ಕೌಂಟರ್‌ನಲ್ಲಿ ನಿಂತವರಿಗೆ ಅಲ್ಲಿ ಯಾವ ತೊಂದರೆಯೂ ಇಲ್ಲ.

ಆಮೇಲೆ ಆ ಸಮಸ್ಯೆ ಇರುವ ಮನೆಗೆ ಹೋಗಿ

ಇದನ್ನು ನಾನು ಕಲಿತದ್ದು ತಡವಾಗಿ. 2019ರಲ್ಲಿ ನಾವು ಮೂವರು ಸೇರಿ ಬೆಂಗಳೂರಿನ ಬಾಡಿಗೆ ಅಡ್ವಾನ್ಸ್ ವಿಷಯ ಕೈಗೆತ್ತಿಕೊಂಡೆವು. ಇಲ್ಲಿ ಬಾಡಿಗೆ ಮನೆ ಹುಡುಕಿದವರಿಗೆಲ್ಲ ಗೊತ್ತು, ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್ ಕೇಳುತ್ತಾರೆ. 20,000 ಬಾಡಿಗೆ ಅಂದರೆ 2 ಲಕ್ಷ. ಬಿಡುವಾಗ ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಕಟ್. ಉಳಿದದ್ದಕ್ಕೆ ಅಲೆದಾಟ. ನಮ್ಮಲ್ಲೇ ಇಬ್ಬರಿಗೆ ಹೀಗಾಗಿತ್ತು. ಹಾಗಾಗಿ ಸಮಸ್ಯೆ ನಮಗೆ ಚೆನ್ನಾಗಿ ಗೊತ್ತು ಅಂದುಕೊಂಡು ಇಥೀರಿಯಂ ಎಂಬ ಬ್ಲಾಕ್‌ಚೈನ್‌ಗೆ ಒಂದು ಕಾಂಟ್ರ್ಯಾಕ್ಟ್ ಬರೆದೆವು: ಅಡ್ವಾನ್ಸ್ ಅದರಲ್ಲಿ ಲಾಕ್ ಆಗಿರುತ್ತದೆ, ಮನೆ ಬಿಟ್ಟ ದಿನ ಇಬ್ಬರೂ ಒಪ್ಪಿ ಸಹಿ ಹಾಕಿದರೆ ದುಡ್ಡು ವಾಪಸ್. ಆರ್‌ಬಿಐನ 2018ರ ಸುತ್ತೋಲೆಯಿಂದ ಬ್ಯಾಂಕ್‌ಗಳು ಕ್ರಿಪ್ಟೋ ವ್ಯವಹಾರ ಮುಟ್ಟುತ್ತಿರಲಿಲ್ಲ, ಅದನ್ನು ಸುಪ್ರೀಂ ಕೋರ್ಟ್ ತೆಗೆದುಹಾಕಿದ್ದು 2020ರ ಮಾರ್ಚ್‌ನಲ್ಲಿ. ಆದ್ದರಿಂದ ಎಲ್ಲ ಟೆಸ್ಟ್‌ನೆಟ್‌ನಲ್ಲೇ. ಮೂರು ತಿಂಗಳು ಕೆಲಸ ಮುಗಿಸಿ ಬಂದು ರಾತ್ರಿ ಕೂತೆವು. ಟೆಸ್ಟ್ ಎಲ್ಲ ಪಾಸ್.

ಅದಾದ ಮೇಲೆ ಮನೆ ಓನರ್‌ಗಳ ಹತ್ತಿರ ಹೋದೆವು. ವಿಜಯನಗರದಲ್ಲಿ ಒಬ್ಬ ಆಂಟಿ. ಕೆಳಗೆ ಅವರು, ಮೇಲೆ ಎರಡು ಬಾಡಿಗೆ ಮನೆ. ಕಾಫಿ ಕೊಟ್ಟು, ನಾವು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಕೊನೆಗೆ ಅಂದರು: "ಅಡ್ವಾನ್ಸ್ ದುಡ್ಡು ಎಲ್ಲಪ್ಪ ಇದೆ? ಎರಡನೇ ಮಹಡಿ ಮೋಲ್ಡ್‌ಗೆ ಹಾಕಿ ಆಯ್ತಲ್ಲ. ಇವರು ಬಿಟ್ಟು ಇನ್ನೊಬ್ಬರು ಬಂದರೆ, ಅವರು ಕೊಟ್ಟಿದ್ದನ್ನ ಇವರಿಗೆ ಕೊಡೋದು."

ನಾವು ಅಡ್ವಾನ್ಸ್ ಅಂದರೆ ಭದ್ರತೆಗೆ ಇಟ್ಟ ದುಡ್ಡು ಅಂದುಕೊಂಡಿದ್ದೆವು. ಅವರಿಗೆ ಅದು ಬಡ್ಡಿ ಇಲ್ಲದ ಸಾಲ. ಆ ದುಡ್ಡನ್ನು ಯಾರೂ ಮುಟ್ಟದಂತೆ ಲಾಕ್ ಮಾಡುತ್ತೇವೆ ಅಂದರೆ ಯಾವ ಓನರ್ ಒಪ್ಪುತ್ತಾರೆ? ವಾಪಸ್ ಕೊಡುವುದು ತಡವಾಗುವುದು ಬಹಳ ಸಲ ದುಡ್ಡು ಕೈಯಲ್ಲಿ ಇಲ್ಲದೆ. ಅಲ್ಲಿ ಯಾರೂ ಯಾವ ಲೆಕ್ಕವನ್ನೂ ತಿದ್ದಿರಲಿಲ್ಲ. ಎಷ್ಟು ಕೊಟ್ಟರು ಅನ್ನುವುದರಲ್ಲಿ ಇಬ್ಬರಿಗೂ ತಕರಾರಿರಲಿಲ್ಲ. ನಮ್ಮ ಕಾಂಟ್ರ್ಯಾಕ್ಟ್ ಅಷ್ಟು ಗಟ್ಟಿಯಾಗಿ ಕಾಯುತ್ತಿದ್ದದ್ದು ಯಾರೂ ಕದಿಯದ ವಸ್ತುವನ್ನು.

ಬಾಡಿಗೆದಾರರ ಹತ್ತಿರ ಹೋದರೆ ಅಲ್ಲಿ ಬೇರೆ ತೊಡಕು. ಅಡುಗೆಮನೆ ಟೈಲ್ಸ್ ನಾವು ಬರುವ ಮುಂಚೆಯೇ ಬಿರುಕು ಬಿಟ್ಟಿತ್ತು, ಅದನ್ನ ಈಗ ಹೇಗೆ ತೋರಿಸೋದು ಅಂತ ಒಬ್ಬರು ಕೇಳಿದರು. ಕಾಂಟ್ರ್ಯಾಕ್ಟ್‌ಗೆ ಟೈಲ್ಸ್ ಕಾಣುವುದಿಲ್ಲ. ಇಬ್ಬರ ಸಹಿ ಬೇಕು ಅಂತ ಬರೆದಿದ್ದೆವು, ಒಬ್ಬರು ಹಟ ಹಿಡಿದರೆ 2 ಲಕ್ಷ ಯಾರಿಗೂ ಸಿಗದೆ ಅಲ್ಲೇ ಉಳಿಯುತ್ತದೆ. ಅದನ್ನು ತಪ್ಪಿಸಲು ತೀರ್ಪು ಹೇಳುವ ಮೂರನೆಯವರು ಬೇಕು. ಮಧ್ಯಸ್ಥರೇ ಬೇಡ ಅಂತ ಹೊರಟವರು ಸುತ್ತಿ ಬಳಸಿ ಅಲ್ಲಿಗೇ ಬಂದು ನಿಂತೆವು.

ಕೊನೆಗೆ ಕೆಲಸಕ್ಕೆ ಬಂದದ್ದು, ಕೀ ಕೊಡುವ ದಿನ ಇಬ್ಬರೂ ಮನೆಯಲ್ಲಿ ನಿಂತು ತುಂಬುವ ಒಂದು ಪಟ್ಟಿ. ಪ್ರತಿ ಕೋಣೆಯ ನಾಲ್ಕು ಫೋಟೋ, ನಲ್ಲಿ, ಗೀಸರ್, ಫ್ಯಾನ್, ಟೈಲ್ಸ್, ಬೆಸ್ಕಾಂ ಮೀಟರ್ ರೀಡಿಂಗ್, ಗೋಡೆಯಲ್ಲಿ ಆಗಲೇ ಇರುವ ಮೊಳೆಗಳು. ಅಗ್ರಿಮೆಂಟ್‌ನಲ್ಲಿ ಎರಡು ಸಾಲು ಜಾಸ್ತಿ: ಪೇಂಟಿಂಗ್‌ಗೆ ಇಂತಿಷ್ಟೇ, ಮತ್ತು ಮುಂಚೆಯೇ ನೋಟಿಸ್ ಕೊಟ್ಟರೆ ಕೊನೆಯ ಎರಡು ತಿಂಗಳ ಬಾಡಿಗೆ ಅಡ್ವಾನ್ಸ್‌ನಲ್ಲೇ ವಜಾ. ಎಲ್ಲ ಇಬ್ಬರ ವಾಟ್ಸಾಪ್‌ಗೂ ಹೋಗುತ್ತದೆ. ಆಂಟಿ ಅದನ್ನು ಮೇಲಿನ ಎರಡೂ ಮನೆಗೆ ಮಾಡಿಸಿಕೊಂಡರು. ಮೂರು ತಿಂಗಳ ಕೋಡ್‌ನ ಜಾಗದಲ್ಲಿ ಮೂರು ಶನಿವಾರ ಜನರ ಮನೆಗೆ ಹೋಗಿದ್ದರೆ ನಮಗೆ ಇದು ಮೊದಲ ವಾರವೇ ಗೊತ್ತಾಗುತ್ತಿತ್ತು.

ಹೋದಾಗ ಕೇಳುವ ರೀತಿ ಮುಖ್ಯ. "ಇಂಥ ಆ್ಯಪ್ ಬಂದರೆ ಬಳಸ್ತೀರಾ?" ಅಂತ ಕೇಳಬೇಡಿ. ನಮ್ಮ ಜನ ಮನೆಗೆ ಬಂದವರ ಮುಖಕ್ಕೆ ಬೇಡ ಅನ್ನುವುದಿಲ್ಲ, "ಚೆನ್ನಾಗಿದೆ, ಮಾಡಿ" ಅಂತಾರೆ. "ಹೋದ ಸಲ ಏನಾಯ್ತು ಹೇಳಿ, ಮೊದಲಿಂದ" ಅಂತ ಕೇಳಿ. ಯಾವ ಕಾಗದ, ಯಾರ ಸಹಿ, ಯಾರಿಗೆ ಎಷ್ಟು ಸಲ ಫೋನ್, ಕೊನೆಗೆ ಎಷ್ಟು ಕೈಬಿಟ್ಟಿತು. ಸಾಧ್ಯವಾದರೆ ಆ ಕಾಗದವನ್ನೇ ತೋರಿಸಲು ಕೇಳಿ. ಮತ್ತೆ, ಎರಡೂ ಕಡೆಯವರನ್ನು ನೋಡಿ. ನಾವು ಕೆಟ್ಟದ್ದು ಒಂದೇ ಕಡೆ ಕೇಳಿ.

ಸುಳ್ಳು ಯಾವ ಬಾಗಿಲಿನಿಂದ ಒಳಗೆ ಬರುತ್ತದೆ?

ಅವರು ಹೇಳಿದ ಕಥೆಯಲ್ಲಿ ಮೋಸ ನಡೆದ ಜಾಗದ ಮೇಲೆ ಬೆರಳಿಟ್ಟು ನೋಡಿ. ಬರೆದ ಮೇಲೆ ಯಾರೋ ತಿದ್ದಿದರಾ, ಬರೆಯುವಾಗಲೇ ಸುಳ್ಳು ಬರೆದರಾ? ಬ್ಲಾಕ್‌ಚೈನ್ ಹಿಡಿಯುವುದು ಮೊದಲನೆಯದನ್ನು ಮಾತ್ರ.

ಜಮೀನಿನ ವಿಷಯ ತಗೊಳ್ಳಿ, ಬೆಂಗಳೂರಿನಲ್ಲಿ ಪ್ರತಿ ಹ್ಯಾಕಥಾನ್‌ಗೂ ಒಬ್ಬರಾದರೂ ಇದನ್ನು ತರುತ್ತಾರೆ. ಭೂಮಿ ಯೋಜನೆಯಲ್ಲಿ ಪಹಣಿ ಕಂಪ್ಯೂಟರ್‌ಗೆ ಹೋಗಿ ಇಪ್ಪತ್ತು ವರ್ಷದ ಮೇಲಾಯಿತು, ನೋಂದಣಿಗೆ ಕಾವೇರಿ ತಂತ್ರಾಂಶ ಇದೆ, ಈಗ ಇ-ಖಾತಾ. ಆದರೂ ಸೈಟು ಕೊಳ್ಳುವವರು ವಕೀಲರ ಹತ್ತಿರ ಓಡುತ್ತಾರೆ. ಯಾಕೆ? ನಮ್ಮಲ್ಲಿ 1908ರ ನೋಂದಣಿ ಕಾಯ್ದೆಯ ಪ್ರಕಾರ ಸಬ್ ರಿಜಿಸ್ಟ್ರಾರ್ ನೋಂದಾಯಿಸುವುದು ಪತ್ರವನ್ನು. ಮಾರಿದವರು ನಿಜವಾದ ಮಾಲೀಕರು ಅಂತ ಸರ್ಕಾರ ಗ್ಯಾರಂಟಿ ಕೊಡುವುದಿಲ್ಲ. ನಕಲಿ ಜಿಪಿಎ (ಮಾಲೀಕರ ಪರವಾಗಿ ಸಹಿ ಹಾಕುವ ಅಧಿಕಾರಪತ್ರ) ತಂದು, ಬೇರೆಯವರನ್ನು ಮಾಲೀಕರು ಅಂತ ನಿಲ್ಲಿಸಿ, ಅಣ್ಣತಮ್ಮಂದಿರಲ್ಲಿ ಒಬ್ಬನ ಸಹಿ ಬಿಟ್ಟು ಪತ್ರ ಮಾಡಿಸಿದರೆ ಆ ಪತ್ರ ಚೈನ್ ಮೇಲೂ ಅಷ್ಟೇ ಚೆನ್ನಾಗಿ ಕೂರುತ್ತದೆ. ಆಮೇಲೆ ಕೋರ್ಟ್ ಅದನ್ನು ರದ್ದು ಮಾಡಿದರೆ, ಅಳಿಸಲು ಆಗದ್ದೇ ದೊಡ್ಡ ಗುಣ ಅಂತ ಹೇಳಿ ಮಾಡಿದ ವ್ಯವಸ್ಥೆಯಲ್ಲಿ ಅದನ್ನು ಸರಿಪಡಿಸುವ ದಾರಿಯನ್ನು ಮತ್ತೆ ಹುಡುಕಬೇಕು. ಕಚೇರಿಯ ಒಳಗಿನವರೇ ಹಳೆಯ ದಾಖಲೆ ತಿದ್ದುತ್ತಾರೆ ಅನ್ನುವುದು ನಿಮ್ಮ ಸಮಸ್ಯೆಯಾದರೆ ಮಾತು ಬೇರೆ, ಅಲ್ಲಿ ಹ್ಯಾಶ್ ಪೋಣಿಸುವುದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಎರಡರಲ್ಲಿ ಯಾವುದು ಅಂತ ತಿಳಿಯಬೇಕಾದರೆ ಸಬ್ ರಿಜಿಸ್ಟ್ರಾರ್ ಕಚೇರಿ ಹೊರಗೆ ಕೂರುವ ಪತ್ರ ಬರಹಗಾರರ ಜೊತೆ ಒಂದು ಬೆಳಗ್ಗೆ ಕಳೆಯಿರಿ. ಅವರಷ್ಟು ಬಗೆಯ ಮೋಸ ನೋಡಿದವರು ಯಾರೂ ಇಲ್ಲ.

ಕಾಫಿಯೂ ಹಾಗೇ. ಕಾಫಿ ಮಂಡಳಿ 2019ರ ಮಾರ್ಚ್‌ನಲ್ಲಿ ಬ್ಲಾಕ್‌ಚೈನ್ ಆಧಾರಿತ ಮಾರುಕಟ್ಟೆ ಆ್ಯಪ್ ಒಂದನ್ನು ಪ್ರಾಯೋಗಿಕವಾಗಿ ಶುರು ಮಾಡಿತು. ಹಿಂದೆ ಇದ್ದ ಆಸೆ ನಿಜವಾದದ್ದು: ಬೆಳೆಗಾರರು ಮತ್ತು ಕೊಳ್ಳುವವರು ಹತ್ತಿರ ಬರಬೇಕು, ಯಾವ ತೋಟದ ಕಾಫಿ ಅಂತ ಗೊತ್ತಾಗಬೇಕು. ಇಂಥ ಯಾವ ಯೋಜನೆಗೂ ನಾನು ಕೇಳುವ ಪ್ರಶ್ನೆ ಒಂದೇ. ಚೀಲದೊಳಗೆ ಇರುವುದು ಅರೇಬಿಕಾನಾ, ರೊಬಸ್ಟಾ ಬೆರೆಸಿದ್ದಾ ಅಂತ ಚೀಲ ಹೊಲಿಯುವ ಮುಂಚೆ ನೋಡಿ ಬರೆಯುವವರು ಯಾರು, ಅವರಿಗೆ ಸಂಬಳ ಕೊಡುವವರು ಯಾರು? ಅದಕ್ಕೆ ಉತ್ತರ ಸಿಕ್ಕಿದರೆ ಅರ್ಧ ಕೆಲಸ ಆಯಿತು.

ಪುಸ್ತಕ ಯಾರ ಕೈಯಲ್ಲಿ ಇರಬೇಕು?

ಇಷ್ಟು ದೂರ ಬಂದ ಮೇಲೂ ತಿದ್ದುವುದೇ ಸಮಸ್ಯೆ ಅಂತ ಉಳಿದರೆ ಇನ್ನು ನಾಲ್ಕು ಪ್ರಶ್ನೆ. ಒಂದೇ ಪುಸ್ತಕಕ್ಕೆ ಹಲವರು ಬರೆಯಬೇಕಾ? ಅವರು ಒಬ್ಬರನ್ನೊಬ್ಬರು ನಂಬುವುದಿಲ್ಲವಾ? ಪುಸ್ತಕ ಇಟ್ಟುಕೊಳ್ಳಲು ಎಲ್ಲರೂ ಒಪ್ಪುವ ಮೂರನೆಯವರು ಯಾರೂ ಇಲ್ಲವಾ? ಒಮ್ಮೆ ಬರೆದದ್ದನ್ನು ಅಳಿಸದೆ ಇರುವುದು ಎಲ್ಲರಿಗೂ ಒಪ್ಪಿಗೆನಾ? ನಾಲ್ಕಕ್ಕೂ ಹೌದು ಅಂದರೆ ಬ್ಲಾಕ್‌ಚೈನ್ ಬಗ್ಗೆ ಯೋಚಿಸಿ. ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ 2018ರ ತನ್ನ ವರದಿಯಲ್ಲಿ ಇದೇ ಧಾಟಿಯ ಪ್ರಶ್ನೆಗಳ ಒಂದು ಫ್ಲೋಚಾರ್ಟ್ ಕೊಟ್ಟಿದೆ, ಅದನ್ನು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿಕೊಳ್ಳಿ.

ಏರಿಯಾದ ಚೀಟಿಯನ್ನು ಇದಕ್ಕೆ ಹಚ್ಚಿ ನೋಡಿ. 20 ಜನ, ತಿಂಗಳಿಗೆ 5,000, ಒಂದು ಲಕ್ಷದ ಚೀಟಿ. ನಡೆಸುವವರ ನೋಟ್‌ಬುಕ್‌ನಲ್ಲಿ ಏನಿದೆ ಅಂತ ಇಪ್ಪತ್ತೂ ಜನಕ್ಕೆ ಬಾಯಿಪಾಠ. ಮುಳುಗುವುದು ಎರಡು ಕಡೆ: ಮೊದಲೇ ಚೀಟಿ ಎತ್ತಿದವರು ಆಮೇಲೆ ಕಟ್ಟುವುದಿಲ್ಲ, ಇಲ್ಲ ನಡೆಸುವವರೇ ಊರು ಬಿಡುತ್ತಾರೆ. ನೋಟ್‌ಬುಕ್ ಸಾವಿರ ಕಂಪ್ಯೂಟರ್‌ಗಳಲ್ಲಿದ್ದರೂ ಕಟ್ಟದವರ ಮನೆ ಬಾಗಿಲು ತಟ್ಟಲು ಜನವೇ ಬೇಕು. ಅದಕ್ಕೇ ಜಾಮೀನು ಕೇಳುತ್ತಾರೆ. ಅದಕ್ಕೇ 1982ರ ಚಿಟ್ ಫಂಡ್ ಕಾಯ್ದೆ ನಡೆಸುವವರಿಂದ ಮೊದಲೇ ಭದ್ರತೆ ಇಡಿಸುತ್ತದೆ.

ನಾಲ್ಕಕ್ಕೂ ಹೌದು ಅನ್ನುವಂತೆ ಕಂಡರೂ ಕೆಡುವುದುಂಟು. ಹಡಗು ಕಂಪನಿ ಮಾರ್ಸ್ಕ್ ಮತ್ತು ಐಬಿಎಂ 2018ರಲ್ಲಿ ಟ್ರೇಡ್‌ಲೆನ್ಸ್ ತಂದವು. ಕಂಟೇನರ್ ಸಾಗಣೆಯ ಕಾಗದಪತ್ರದ ಗೋಜಲು ನಿಜವಾದ ಸಮಸ್ಯೆ: ಬಂದರು, ಕಸ್ಟಮ್ಸ್, ಹಡಗು, ಲಾರಿ, ಬ್ಯಾಂಕ್, ಎಲ್ಲರದ್ದೂ ಬೇರೆ ಬೇರೆ ಪುಸ್ತಕ. 2022ರ ನವೆಂಬರ್‌ನಲ್ಲಿ ಅದನ್ನು ಮುಚ್ಚುತ್ತೇವೆ ಅಂದರು, ಇಡೀ ಉದ್ಯಮದ ಸಹಕಾರ ಸಿಗಲಿಲ್ಲ ಅನ್ನುವುದು ಅವರೇ ಕೊಟ್ಟ ಕಾರಣ. ನನ್ನ ಲೆಕ್ಕದಲ್ಲಿ ಅಲ್ಲಿ ಸೋತದ್ದು ಕೋಡ್ ಅಲ್ಲ. ಯಶವಂತಪುರ ಮಂಡಿಯಲ್ಲಿ ಒಬ್ಬ ದೊಡ್ಡ ವ್ಯಾಪಾರಿ, ಎಲ್ಲರೂ ನಿಮ್ಮ ಲೆಕ್ಕವನ್ನು ನಾನು ಕಟ್ಟಿಸಿದ ವ್ಯವಸ್ಥೆಯಲ್ಲಿ ಬರೆಯಿರಿ ಅಂದರೆ ಪಕ್ಕದ ಅಂಗಡಿಯವರು ಬರೆಯುತ್ತಾರಾ? ಅದೇ ತಿಂಗಳು ಆಸ್ಟ್ರೇಲಿಯಾದ ಷೇರುಪೇಟೆ ಎಎಸ್‌ಎಕ್ಸ್ ಕೂಡ ತನ್ನ ಬ್ಲಾಕ್‌ಚೈನ್ ಮಾದರಿಯ ಸೆಟಲ್‌ಮೆಂಟ್ (ಷೇರು ಮತ್ತು ದುಡ್ಡು ಕೈಬದಲಿಸುವ) ಯೋಜನೆಯನ್ನು ನಿಲ್ಲಿಸಿ ಸುಮಾರು 25 ಕೋಟಿ ಆಸ್ಟ್ರೇಲಿಯನ್ ಡಾಲರ್ ನಷ್ಟ ಬರೆದುಕೊಂಡಿತು. ಅಲ್ಲಿ ಪುಸ್ತಕ ಇಡುವ, ಎಲ್ಲರೂ ನಂಬುವ ಸಂಸ್ಥೆ ಮೊದಲಿಂದಲೂ ಎಎಸ್‌ಎಕ್ಸ್ ಒಂದೇ ಆಗಿತ್ತು, ಅಲ್ವಾ?

ಇದರಿಂದ ಬ್ಲಾಕ್‌ಚೈನ್ ಎಲ್ಲೂ ಬೇಡ ಅನ್ನುತ್ತಿಲ್ಲ. ತಮ್ಮ ದೇಶದ ನೋಟು ಬೆಲೆ ಕಳೆದುಕೊಳ್ಳುತ್ತಿರುವಾಗ, ಬ್ಯಾಂಕ್ ಬಾಗಿಲು ಹಾಕಿದಾಗ ಜನ ಬಿಟ್‌ಕಾಯಿನ್ ಅಥವಾ ಡಾಲರ್ ಸ್ಟೇಬಲ್‌ಕಾಯಿನ್ (ಡಾಲರ್‌ಗೆ ಬೆಲೆ ಕಟ್ಟಿಹಾಕಿದ ಡಿಜಿಟಲ್ ನಾಣ್ಯ) ಹಿಡಿಯುವುದರ ಹಿಂದೆ ನಿಜವಾದ ಕಷ್ಟ ಇದೆ. ಅಲ್ಲಿ ನಂಬಲು ಮೂರನೆಯವರು ಯಾರೂ ಉಳಿದಿಲ್ಲ.

ಬೇಕಾದ ತುಂಡು ಮಾತ್ರ ತಗೊಳ್ಳಿ

ನನಗೆ ಬಹಳ ಇಷ್ಟವಾದ ಉದಾಹರಣೆ ಇದು. 2011ರಲ್ಲಿ, ವೆಬ್‌ಸೈಟ್ ಅಸಲಿ ಅಂತ ಸರ್ಟಿಫಿಕೇಟ್ ಕೊಡುವ ಡಿಜಿನೋಟಾರ್ ಎಂಬ ಡಚ್ ಕಂಪನಿಗೆ ಯಾರೋ ನುಗ್ಗಿ ಗೂಗಲ್ ಹೆಸರಿನಲ್ಲೇ ನಕಲಿ ಸರ್ಟಿಫಿಕೇಟ್ ಮಾಡಿಕೊಂಡರು. ಬ್ರೌಸರ್‌ನಲ್ಲಿ ಬೀಗದ ಗುರುತು ಸರಿಯಾಗೇ ಕಾಣುತ್ತಿತ್ತು, ಇರಾನ್‌ನ ಬಳಕೆದಾರರ ಮೇಲೆ ಅದನ್ನು ಬಳಸಿದರು. ಸಮಸ್ಯೆ ಏನು? ಸರ್ಟಿಫಿಕೇಟ್ ಕೊಡುವ ಸಂಸ್ಥೆ ಗುಟ್ಟಾಗಿ ಏನು ಕೊಟ್ಟಿದೆ ಅಂತ ಹೊರಗಿನವರಿಗೆ ತಿಳಿಯುವುದಿಲ್ಲ. ಅದಕ್ಕೆ ಬಂದ ಉತ್ತರ ಸರ್ಟಿಫಿಕೇಟ್ ಟ್ರಾನ್ಸ್‌ಪರೆನ್ಸಿ, 2013ರಲ್ಲಿ ಆರ್‌ಎಫ್‌ಸಿ 6962 ಎಂಬ ಇಂಟರ್‌ನೆಟ್ ತಾಂತ್ರಿಕ ದಾಖಲೆಯಾಗಿ ಬಂತು. ಕೊಟ್ಟ ಪ್ರತಿ ಸರ್ಟಿಫಿಕೇಟ್ ಒಂದು ಬಹಿರಂಗ ಪಟ್ಟಿಗೆ ಹೋಗುತ್ತದೆ. ಆ ಪಟ್ಟಿಗೆ ಸೇರಿಸಬಹುದು, ಹಳೆಯದನ್ನು ತಿದ್ದಿದರೆ ಮರ್ಕಲ್ ಟ್ರೀಯಿಂದ (ಹ್ಯಾಶ್‌ಗಳನ್ನು ಮರದಂತೆ ಜೋಡಿಸಿದ ರಚನೆ) ಸಿಕ್ಕಿಬೀಳುತ್ತದೆ. ನಾಣ್ಯ ಇಲ್ಲ, ಲೆಕ್ಕ ಮಾಡಿ ಬ್ಲಾಕ್ ಕಟ್ಟುವ ಮೈನರ್ ಇಲ್ಲ, ವಹಿವಾಟಿಗೆ ಕಟ್ಟುವ ಗ್ಯಾಸ್ ಫೀ ಇಲ್ಲ. ನೀವು ಕ್ರೋಮ್‌ನಲ್ಲಿ ಬ್ಯಾಂಕ್ ಸೈಟ್ ತೆರೆದಾಗಲೆಲ್ಲ ಅದು ಹಿಂದೆ ಕೆಲಸ ಮಾಡುತ್ತಿರುತ್ತದೆ. ಸಮಸ್ಯೆಯಿಂದ ಹೊರಟವರಿಗೆ ಹ್ಯಾಶ್ ಮತ್ತು ಮರ್ಕಲ್ ಟ್ರೀ ಸಾಕಾಯಿತು.

ಹಾಗೇ ನೀವೂ ಮೊದಲು ಪೋಸ್ಟ್‌ಗ್ರೆಸ್‌ನಂಥ ಮಾಮೂಲಿ ಡೇಟಾಬೇಸ್‌ನ ಒಂದು ಟೇಬಲ್‌ನಲ್ಲಿ ಮಾಡಿ ನೋಡಿ. ಒಂದು ವಾರ ಸಾಕು. ಅದನ್ನು ಬಳಸುವವರ ಮುಂದೆ ಇಟ್ಟು, ಇದರಲ್ಲಿ ಯಾರು ಯಾರಿಗೆ ಹೇಗೆ ಮೋಸ ಮಾಡಬಹುದು ಅಂತ ಅವರನ್ನೇ ಕೇಳಿ. ತಿದ್ದುವ ಭಯ ಬಂದರೆ ಹ್ಯಾಶ್ ಸೇರಿಸಿ. ನಡೆಸುವ ನಿಮ್ಮ ಮೇಲೇ ಅನುಮಾನ ಬಂದರೆ ದಿನಕ್ಕೊಮ್ಮೆ ಆ ಹ್ಯಾಶನ್ನು ಎಲ್ಲರಿಗೂ ಕಾಣುವ ಕಡೆ ಹಾಕಿ. ಹೇಬರ್ ಮತ್ತು ಸ್ಟೊರ್ನೆಟ್ಟಾ ತಮ್ಮ ಹ್ಯಾಶನ್ನು 1995ರಿಂದ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಜಾಹೀರಾತಾಗಿ ಹಾಕಿಸುತ್ತಿದ್ದರು. ಇಷ್ಟಾದರೂ ಸಾಲದು ಅಂದಾಗ ಪೂರ್ತಿ ಚೈನ್.

ಒಂದು ಎಚ್ಚರಿಕೆ, ಇದರಲ್ಲಿ ಬಹಳ ಜನ ಎಡವುತ್ತಾರೆ. ಹೆಸರು, ಫೋನ್ ನಂಬರ್, ಆಧಾರ್ ಇಂಥದ್ದನ್ನು ಚೈನ್ ಮೇಲೆ ಹಾಕಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಅಳಿಸಿ ಅಂತ ಕೇಳುವ ಹಕ್ಕನ್ನು ಜನರಿಗೆ ಕೊಟ್ಟಿದೆ, ಚೈನ್ ಅಳಿಸುವುದಿಲ್ಲ. "ಹ್ಯಾಶ್ ಮಾಡಿ ಹಾಕಿದ್ದೇವೆ" ಅಂದರೂ ಸಾಲದು. ಫೋನ್ ನಂಬರ್‌ಗೆ ಹತ್ತೇ ಅಂಕಿ, ಎಲ್ಲ ನಂಬರ್‌ಗಳನ್ನೂ ಹ್ಯಾಶ್ ಮಾಡಿ ಹೋಲಿಸಲು ಮಾಮೂಲಿ ಲ್ಯಾಪ್‌ಟಾಪ್ ಸಾಕು. ಟೋಕನ್ ತರುವ ಯೋಚನೆ ಇದ್ದರೆ ತೆರಿಗೆಯನ್ನೂ ನೋಡಿ: 2022ರಿಂದ ಲಾಭಕ್ಕೆ 30%, ವರ್ಗಾವಣೆಗೆ 1% ಟಿಡಿಎಸ್.

ಆ ಹುಡುಗನ ಐಡಿಯಾ ನಕಲಿ ಮಾರ್ಕ್ಸ್ ಕಾರ್ಡ್ ಹಿಡಿಯುವುದಾಗಿತ್ತು. ಅಂಕ ಕೊಡುವುದು ಒಂದೇ ವಿಶ್ವವಿದ್ಯಾಲಯ, ಅದನ್ನು ಎಲ್ಲರೂ ನಂಬುತ್ತಾರೆ, ಅದರ ಡಿಜಿಟಲ್ ಸಹಿ ಇದ್ದರೆ ಸಾಕು, ಡಿಜಿಲಾಕರ್ 2015ರಿಂದ ಇದೆ ಅಂದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಮಾನ್ಯತಾ ಟೆಕ್ ಪಾರ್ಕ್‌ನಲ್ಲಿ ಕೆಲಸಕ್ಕೆ ಸೇರುವವರ ದಾಖಲೆ ಪರೀಕ್ಷಿಸುವ ಒಬ್ಬರನ್ನು ಹುಡುಕಿಕೊಂಡು ಹೋಗಿ ಬಂದ. ಅವರಿಗೆ ನಕಲಿಗಿಂತ ದೊಡ್ಡ ತಲೆನೋವು ಹಳೆಯ ಬ್ಯಾಚ್‌ಗಳದ್ದಂತೆ. ಕಾಗದದ ಮಾರ್ಕ್ಸ್ ಕಾರ್ಡ್ ನಿಜವಾ ಅಂತ ಕೇಳಿ ಕಾಲೇಜಿಗೆ ಇಮೇಲ್ ಹಾಕಿದರೆ ಉತ್ತರ ಬರಲು ವಾರಗಟ್ಟಲೆ ಆಗುತ್ತದೆ, ಅಷ್ಟರಲ್ಲಿ ಅಭ್ಯರ್ಥಿಯ ಕೆಲಸ ಕೈತಪ್ಪಿರುತ್ತದೆ. ಈಗ ಅವನು ಒಂದು ನೋಟ್‌ಬುಕ್ ಹಿಡಿದು ಕಾಲೇಜಿನ ಪರೀಕ್ಷಾ ವಿಭಾಗಕ್ಕೆ ಹೋಗುತ್ತಿದ್ದಾನೆ, ಆ ಇಮೇಲ್ ಯಾರ ಮೇಜಿನ ಮೇಲೆ ನಿಲ್ಲುತ್ತದೆ ಅಂತ ನೋಡಲು.